ಟಿಕ್ ಅಂದಿತು, ಪಂಪು ನಿಲ್ಲಲಿಲ್ಲ: ಹುಳು ಮನೆಯ ಒಂದು ರಿಲೇ ಪ್ರಕರಣ

ಮಳವಳ್ಳಿ ತಾಲೂಕಿನ ನಮ್ಮಕ್ಕನ ಮನೆಯಲ್ಲಿ ಬೆಳೆಗೆ 150 ಮೊಟ್ಟೆ ರೇಷ್ಮೆಹುಳು ಸಾಕುತ್ತಾರೆ. ಇಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು. ಚಾಕಿ ಹುಳು, ಅಂದರೆ ಎಳೆಯ ಹುಳು, ಹೊರಗಿನಿಂದ ಬರುತ್ತದೆ, ಎರಡನೇ ಜ್ವರ (ಹುಳು ಪೊರೆ ಬಿಡುವ ಹೊತ್ತು) ಎದ್ದ ಮೇಲಿನ ಪಾಡೆಲ್ಲ ಇವರದು. ಮಾರ್ಚ್ ಬಂತೆಂದರೆ ಶೀಟಿನ ಮಾಡಿನ ಕೆಳಗೆ ಹುಳು ಮನೆ ಕಾದು, ಹಾಕಿದ ಸೊಪ್ಪು ಹುಳು ಬಾಯಿಡುವ ಮೊದಲೇ ಬಾಡುತ್ತದೆ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಬೇಕಾದ್ದು 24–25 ಡಿಗ್ರಿ ಉಷ್ಣ, ಶೇ. 70ರ ಆಸುಪಾಸಿನ ತೇವ. ತೇವ ಇಳಿದರೆ ಸೊಪ್ಪು ಒಣಗುತ್ತದೆ, ಏರಿದರೆ ಸುಣ್ಣಕಟ್ಟು ಎಂಬ ಬೂಷ್ಟಿನ ರೋಗದ ಭಯ. ಇಷ್ಟು ವರ್ಷ ಅಕ್ಕ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟಿ ನಿಭಾಯಿಸಿದ್ದಳು.

ಅವಳ ಮಗ ಮಂಡ್ಯದಲ್ಲಿ ಡಿಪ್ಲೊಮಾ ಎರಡನೇ ವರ್ಷ. ಈ ಬೇಸಿಗೆಗೆ ಗೋಣಿತಾಟು ಬಿಚ್ಚಿಸಿ ಅರ್ಧ ಹೆಚ್‌ಪಿ ಪಂಪು ಕೂರಿಸಿದ, ಮಾಡಿನ ಕೆಳಗೆ ಮಂಜು ಉಗುಳುವ ಫಾಗರ್ ನಾಜಲ್ ಸಾಲು ಕಟ್ಟಿದ. ಪಂಪನ್ನು ತಾನಾಗಿ ಆನ್ ಆಫ್ ಮಾಡಲು ಒಂದು ಡಬ್ಬಿ: ಒಳಗೆ ಪ್ರೋಗ್ರಾಮು ಓಡಿಸುವ ಇಎಸ್‌ಪಿ8266 ಬೋರ್ಡು, ತೇವಾಂಶ ಅಳೆಯಲು ಡಿಹೆಚ್‌ಟಿ22 ಸೆನ್ಸರ್, ಎಲ್ಲರ ಮನೆಯ ಪ್ರಾಜೆಕ್ಟಿನಲ್ಲೂ ಕಾಣುವ ಆ ನೀಲಿ ಚೌಕದ 5 ವೋಲ್ಟ್ ರಿಲೇ. ರಿಲೇ ಎಂದರೆ ಕರೆಂಟಿನಿಂದ ಒತ್ತುವ ಸ್ವಿಚ್ಚು: ಒಂದು ಬದಿಯ ಕಾಯಿಲ್‌ಗೆ (ತಂತಿ ಸುರುಳಿ) ಕರೆಂಟು ಕೊಟ್ಟರೆ ಅದು ಆರ್ಮೇಚರ್ ಎಂಬ ಕಬ್ಬಿಣದ ತುಂಡನ್ನು ಎಳೆದು, ಆಚೆ ಬದಿಯ ಕಾಂಟ್ಯಾಕ್ಟನ್ನು ಮುಚ್ಚುತ್ತದೆ. ರೆಡಿಮೇಡ್ ರಿಲೇ ಮಾಡ್ಯೂಲ್ ತಂದಿದ್ದರೆ ಡ್ರೈವರ್, ಅಂದರೆ ಕಾಯಿಲ್ ನಡೆಸುವ ಸರ್ಕೀಟು, ಅದರಲ್ಲೇ ಇರುತ್ತಿತ್ತು. ಇವನಿಗೆ ತಾನೇ ಬೆಸುಗೆ ಹಾಕಬೇಕೆಂಬ ಹಟ. ಆ ಹಟಕ್ಕೆ ಕುಮ್ಮಕ್ಕು ಮೈಸೂರಿನಲ್ಲಿ ಕೂತ ನನ್ನದೇ.

ಮೊದಲ ತಾಪತ್ರಯ ಕಾಯಿಲ್ ಕಡೆಯದು

ರಿಲೇ ಕಾಯಿಲ್‌ನ ರೆಸಿಸ್ಟೆನ್ಸ್ ಸುಮಾರು 70 ಓಮ್. 5 ವೋಲ್ಟ್ ಕೊಟ್ಟರೆ 71 ಮಿಲಿಆಂಪಿಯರ್ ಎಳೆಯುತ್ತದೆ. ಇಎಸ್‌ಪಿಯ ಪಿನ್ನು ಕೊಡಬಲ್ಲದ್ದು 12 ಮಿಲಿಆಂಪಿಯರ್, ಅದೂ 3.3 ವೋಲ್ಟಿನಲ್ಲಿ. ನಡುವೆ ಟ್ರಾನ್ಸಿಸ್ಟರ್ ಬೇಕು ಎಂಬುದು ಹುಡುಗನಿಗೆ ಗೊತ್ತಿತ್ತು. ಕೈಗೆ ಸಿಕ್ಕ ಬಿಸಿ547 ಹಾಕಿ, ಅದರ ಬೇಸ್‌ಗೆ, ಅಂದರೆ ಆಜ್ಞೆ ಬರುವ ಕಾಲಿಗೆ, 10 ಕಿಲೋಓಮ್ ರೆಸಿಸ್ಟರ್ ಕೊಟ್ಟಿದ್ದ.

"ಮಾವ, ರಿಲೇ ಎಳ್ಕೊಳ್ತಾನೇ ಇಲ್ಲ. ಟ್ರಾನ್ಸಿಸ್ಟರ್ ಬೆಚ್ಚಗಾಯ್ತದೆ."

ಕಾಯಿಲ್ ಸೇರುವ ಕಲೆಕ್ಟರ್ ಕಾಲಿನಲ್ಲಿ ಎಷ್ಟಿದೆ ನೋಡು ಅಂದೆ. 2.3 ವೋಲ್ಟ್ ಅಂದ. ಅಲ್ಲಿಗೆ ವಿಷಯ ತಿಳಿಯಿತು. 3.3ರಲ್ಲಿ ಬೇಸ್‌ನ 0.7 ಕಳೆದರೆ 2.6 ವೋಲ್ಟ್, ಅದನ್ನು 10 ಕಿಲೋಓಮ್‌ಗೆ ಭಾಗಿಸಿದರೆ ಬೇಸಿಗೆ ಹೋಗುವುದು 0.26 ಮಿಲಿಆಂಪಿಯರ್. ಟ್ರಾನ್ಸಿಸ್ಟರ್ ಅದನ್ನು 150 ಪಟ್ಟು ಮಾಡಿದರೂ 39 ದಾಟುವುದಿಲ್ಲ. ಕಾಯಿಲ್‌ಗೆ ಸಿಕ್ಕಿದ್ದು 2.7 ವೋಲ್ಟ್, ಆರ್ಮೇಚರ್ ಎಳೆಯಲು ಬೇಕಾದ್ದು 5ರ ಶೇ. 75, ಅಂದರೆ 3.75. ಮಿಕ್ಕ ವೋಲ್ಟೇಜನ್ನು ಟ್ರಾನ್ಸಿಸ್ಟರ್ ತನ್ನ ಮೈಮೇಲೆ ಹೊತ್ತು ಬಿಸಿಯಾಗುತ್ತಿತ್ತು. ರಿಲೇ ನಡೆಸುವಾಗ ಟ್ರಾನ್ಸಿಸ್ಟರನ್ನು ಸ್ವಿಚ್ಚಿನಂತೆ ದುಡಿಸಬೇಕು; ಅದರ ಗೇನ್ (ಕರೆಂಟನ್ನು ಎಷ್ಟು ಪಟ್ಟು ಮಾಡುತ್ತದೆ ಎಂಬುದು) ನಂಬಿ ಲೆಕ್ಕ ಹಾಕಬಾರದು. ಕಾಯಿಲ್ ಕರೆಂಟಿನ ಹತ್ತರಲ್ಲಿ ಒಂದು, ಹೋಗಲಿ ಹದಿನೈದರಲ್ಲಿ ಒಂದು ಪಾಲಾದರೂ ಬೇಸಿಗೆ ಹೋಗಬೇಕು.

ಬಿಸಿ547ರ ಮಿತಿಯೇ 100 ಮಿಲಿಆಂಪಿಯರ್. 71 ಅದರೊಳಗೆ ಬರುತ್ತದಾದರೂ ನನಗೆ ಸಮಾಧಾನವಿಲ್ಲ. 800 ಮಿಲಿಆಂಪಿಯರ್ ತಡೆಯುವ ಬಿಸಿ337 ಹಾಕಿಸಿ, ಬೇಸ್‌ಗೆ 470 ಓಮ್ ಕೊಡಿಸಿದೆ. ಈಗ ಬೇಸ್ ಕರೆಂಟು 5.5 ಮಿಲಿಆಂಪಿಯರ್, ಪಿನ್ನಿಗೂ ಹೊರೆಯಲ್ಲ. ಬೋರ್ಡು ಬೂಟ್ ಆಗುವ ಗಳಿಗೆಯಲ್ಲಿ ಪಿನ್ನು ಅತ್ತಿತ್ತ ತೂಗಾಡಿ ಪಂಪು ಜರ್ಕ್ ಹೊಡೆಯದಿರಲೆಂದು ಪಿನ್ನಿನಿಂದ ಗ್ರೌಂಡಿಗೆ ಒಂದು 10 ಕಿಲೋಓಮ್.

ಆಮೇಲೆ ಡಯೋಡು, ಒಂದೇ ದಿಕ್ಕಿಗೆ ಕರೆಂಟು ಬಿಡುವ ಬಿಡಿಭಾಗ. ಕಾಯಿಲ್‌ನ ಕರೆಂಟನ್ನು ತಟ್ಟನೆ ಕಡಿದರೆ ಅದು ಸುಮ್ಮನಿರುವುದಿಲ್ಲ, ನೂರಾರು ವೋಲ್ಟಿನ ಏಟು ಕೊಡುತ್ತದೆ. ಬಿಸಿ337 ತಾಳುವುದು 45 ವೋಲ್ಟ್. ಆ ಏಟು ತನ್ನೊಳಗೇ ಸುತ್ತಿ ತಣ್ಣಗಾಗಲೆಂದು ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಹಾಕುವುದು. ಡಯೋಡಿನ ಪಟ್ಟಿ ಪ್ಲಸ್ ಕಡೆಗಿರಬೇಕು. ನಮ್ಮ ಹುಡುಗ ಉಲ್ಟಾ ಹಾಕಿದ. ಟ್ರಾನ್ಸಿಸ್ಟರ್ ಆನ್ ಆದೊಡನೆ 5 ವೋಲ್ಟು ನೇರ ಡಯೋಡಿನ ಮೂಲಕ ಗ್ರೌಂಡಿಗೆ ಇಳಿದು ಎರಡು ಬಿಸಿ337 ಹೊಗೆಯಾದವು. ಮೂರನೆಯದಕ್ಕೆ ಪಟ್ಟಿ ತಿರುಗಿಸಿದ. ರಿಲೇ ಟಿಕ್ ಅಂದಿತು, ಪಕ್ಕದ ಕೆಂಪು ಎಲ್‌ಇಡಿ ಹೊತ್ತಿತು, ವಿಡಿಯೋ ಕಳಿಸಿದ.

ಇಷ್ಟು ವಿವರ ಯಾಕೆ ಹೇಳುತ್ತಿದ್ದೇನೆಂದರೆ, ಮೂರು ವಾರ ನಾವಿಬ್ಬರೂ ಈ ಡ್ರೈವರ್ ಸುತ್ತಲೇ ತಿರುಗಿದೆವು. ಅದು ಕೆಟ್ಟಾಗ ಟ್ರಾನ್ಸಿಸ್ಟರ್ ಸುಡುತ್ತದೆ, ಹೊಗೆ ಬರುತ್ತದೆ, ಲೆಕ್ಕ ತಪ್ಪಿದ್ದು ಮೀಟರಿನಲ್ಲಿ ಕಾಣುತ್ತದೆ. ರಿಲೇಯ ಆಚೆ ಬದಿ, ಅಂದರೆ ಕಾಂಟ್ಯಾಕ್ಟಿನ ಬಗ್ಗೆ ನಮ್ಮ ಮಧ್ಯೆ ನಡೆದದ್ದು ಒಂದೇ ಮಾತು. "ಪಂಪು ಎಷ್ಟು ಆಂಪಿಯರ್?" ಎಂದು ಕೇಳಿದೆ. "ಮೂರು ಚಿಲ್ಲರೆ" ಅಂದ. "ರಿಲೇ ಮೇಲೆ ಹತ್ತು ಅಂತ ಬರೆದದೆ ತಾನೆ, ಸಾಕು ಬಿಡು" ಅಂದೆ. ಈ ಪ್ರಕರಣದ ತಪ್ಪು ಯಾರದೆಂದು ಹುಡುಕುವವರು ಆ ಮಾತಿನ ಹತ್ತಿರ ನಿಂತರೆ ಸಾಕು.

ಆ ರಾತ್ರಿ

ಹುಳು ಐದನೇ ಹಂತದ, ಅಂದರೆ ನಾಲ್ಕನೇ ಜ್ವರದ ನಂತರದ ಹಂತದ, ನಾಲ್ಕನೇ ದಿನದಲ್ಲಿದ್ದವು. ಬೆಳಗಿನ ಜಾವ 2:40ಕ್ಕೆ ಫೋನು.

"ಮಾವ, ಎಲ್‌ಇಡಿ ಆರೋಗದೆ, ಪಂಪು ಮಾತ್ರ ಓಡ್ತಾನೇ ಅದೆ."

"ರಿಲೇ ಟಿಕ್ ಅಂತದಾ?"

"ಅಂತದೆ, ಕೇಳಿ." ಫೋನನ್ನು ಡಬ್ಬಿಗೆ ಹಿಡಿದು ಬಟನ್ ಒತ್ತಿದ. ಪಂಪಿನ ಸದ್ದಿನ ನಡುವೆ ಏನೋ ಟಿಕ್ಕೆಂದದ್ದು ನನಗೂ ಕೇಳಿಸಿತು.

ನಿದ್ದೆಗಣ್ಣಿನಲ್ಲಿ ನಾನು ಹೇಳಿದ್ದು: "ಟ್ರಾನ್ಸಿಸ್ಟರ್ ಲೀಕ್ ಆಗ್ತಿರಬೇಕು, ಬೇಸ್ ಕಿತ್ತು ನೋಡು." ಹಿಂದಿನಿಂದ ಅಕ್ಕನ ದನಿ ಬಂತು: "ಅದೇನ್ ಲೀಕೋ ಆಮೇಲ್ ನೋಡ್ಕಳಿ, ಮೊದ್ಲು ಪ್ಲಗ್ ಕೀಳ್ಲಾ!" ಅವಳೇ ಹೋಗಿ ಕಿತ್ತಳು. ಅಷ್ಟೊತ್ತಿಗೆ ಎಷ್ಟು ಹೊತ್ತಿನಿಂದ ಮಂಜು ಸುರಿದಿತ್ತೋ, ಮೇಲಿನ ತಟ್ಟುಗಳ ಸೊಪ್ಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಭಾವ ಕಿಟಕಿಗಳನ್ನೆಲ್ಲ ತೆರೆದು ಫ್ಯಾನು ಹಾಕಿದರು. ಒದ್ದೆ ಸೊಪ್ಪು ತೆಗೆದು, ಹುಳು ಮಲಗುವ ಸೊಪ್ಪಿನ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ, ಬೆಳಗಾಗುವವರೆಗೆ ಮೂವರೂ ಕೂರಲಿಲ್ಲ. ಆ ಬೆಳೆ ಉಳಿಯಿತು. ಉಳಿಸಿದ್ದು ಸುಣ್ಣ, ನನ್ನ ಸಲಹೆಯಂತೂ ಅಲ್ಲ.

ನನ್ನ ಮಾತಿನ ತಪ್ಪು ಬೆಳಿಗ್ಗೆ ಕಾಫಿ ಕುಡಿಯುವಾಗ ಹೊಳೆಯಿತು. ಟ್ರಾನ್ಸಿಸ್ಟರ್ ಲೀಕ್ ಆಗಿ ಕಾಯಿಲ್ ಹಿಡಿದುಕೊಂಡಿದ್ದರೆ ಎಲ್‌ಇಡಿ ಆರುತ್ತಲೇ ಇರಲಿಲ್ಲ. ಎಲ್‌ಇಡಿ ಇರುವುದು ಕಾಯಿಲ್ ಜತೆಗೆ. ಅದು ಆರಿದೆ ಎಂದರೆ ಡ್ರೈವರ್ ತನ್ನ ಕೆಲಸ ಮಾಡಿ ಕೈ ತೊಳೆದುಕೊಂಡಿದೆ. ಟಿಕ್ ಸದ್ದೂ ಅಷ್ಟೆ, ಆರ್ಮೇಚರ್ ಅಲುಗಿತು ಎಂಬುದಕ್ಕೆ ಮಾತ್ರ ಸಾಕ್ಷಿ. ಆಚೆ ಬದಿಯಲ್ಲಿ 230 ವೋಲ್ಟು ಕಡಿದಿದೆಯೋ ಇಲ್ಲವೋ ಎಂದು ಹೇಳುವ ಒಂದು ತಂತಿಯೂ ಆ ಡಬ್ಬಿಯಲ್ಲಿ ಇರಲಿಲ್ಲ.

ರಿಲೇ ಕೊಯ್ದು ನೋಡಿದ್ದು

ಭಾನುವಾರ ಬನ್ನೂರು ದಾರಿ ಹಿಡಿದು ಹೋದೆ. ಡಬ್ಬಿಯನ್ನು ಕರೆಂಟಿನಿಂದ ಪೂರ್ತಿ ಬಿಡಿಸಿ, ಜಗುಲಿಯ ಮೇಲಿಟ್ಟು ಮೀಟರನ್ನು ಬೀಪ್‌ಗೆ ತಿರುಗಿಸಿದೆ. ಕಾಯಿಲ್‌ಗೆ ಏನೂ ಕೊಟ್ಟಿಲ್ಲ. ಕಾಂಟ್ಯಾಕ್ಟಿನ ಎರಡು ಕಾಲುಗಳಿಗೆ, ಕಾಮನ್‌ಗೂ ನಾರ್ಮಲಿ ಓಪನ್ (ಕಾಯಿಲ್‌ಗೆ ಕರೆಂಟಿಲ್ಲದಾಗ ತೆರೆದಿರುವ) ಕಾಲಿಗೂ ಮುಟ್ಟಿಸಿದೆ. ಬೀಪ್. ತೆರೆದಿರಬೇಕಾದ ಕಾಂಟ್ಯಾಕ್ಟು ಕಚ್ಚಿಕೊಂಡಿತ್ತು.

ಕಾಯಿಲ್‌ಗೆ 5 ವೋಲ್ಟ್ ಕೊಟ್ಟು ತೆಗೆದರೆ ಆಗಲೂ ಟಿಕ್ ಅನ್ನುತ್ತಿತ್ತು, ಆದರೆ ಮಂದವಾಗಿ, ಒದ್ದೆ ಬೆಂಕಿಕಡ್ಡಿ ಗೀರಿದ ಹಾಗೆ. ಕಾಂಟ್ಯಾಕ್ಟ್ ಕೂತಿರುವ ತಗಡಿಗೆ ಸ್ವಲ್ಪ ಬಳುಕುವ ಗುಣವಿದೆ. ತುದಿ ಅಂಟಿಕೊಂಡಿದ್ದರೂ ಆ ಬಳುಕಿನಷ್ಟು ದೂರ ಆರ್ಮೇಚರ್ ಚಲಿಸಿ ಸದ್ದು ಮಾಡುತ್ತದೆ. ಫೋನಿನಲ್ಲಿ ನಾನು ಕೇಳಿ ಮೋಸ ಹೋದದ್ದು ಈ ಟಿಕ್ಕಿಗೆ. ಹೊಸ ರಿಲೇ ಒಂದನ್ನು ಪಕ್ಕದಲ್ಲಿಟ್ಟು ಟಿಕ್ಕೆನಿಸಿದಾಗ ವ್ಯತ್ಯಾಸ ಅಕ್ಕನಿಗೂ ಗೊತ್ತಾಯಿತು.

ಸ್ಕ್ರೂಡ್ರೈವರ್ ಹಿಡಿಯಿಂದ ಒಂದು ಸಲ ತಟ್ಟಿದೆ. ಬೀಪ್ ನಿಂತಿತು. "ಸರಿಹೋಯ್ತಲ್ಲ!" ಅಂದ ಹುಡುಗ. ಹೀಗೆ ತಟ್ಟಿ ಸರಿಮಾಡಿ ಮತ್ತೆ ಜೋಡಿಸಿದ ರಿಲೇಗಳಷ್ಟು ಅಪಾಯಕಾರಿ ವಸ್ತು ಹವ್ಯಾಸಿಗಳ ಮನೆಯಲ್ಲಿ ಇನ್ನೊಂದಿಲ್ಲ. ಒಮ್ಮೆ ಅಂಟಿದ ಕಾಂಟ್ಯಾಕ್ಟಿನ ಮೈ ಒರಟಾಗಿರುತ್ತದೆ, ಮುಂದಿನ ಸಲ ಇನ್ನೂ ಬೇಗ ಅಂಟುತ್ತದೆ. ಅದನ್ನು ಮತ್ತೆ ಬಳಸದಂತೆ ಮಾಡುವ ನೆಪದಲ್ಲಿ ಹ್ಯಾಕ್ಸಾ ಬ್ಲೇಡ್ ತಗೊಂಡು ನೀಲಿ ಮುಚ್ಚಳವನ್ನು ಅಡ್ಡ ಕೊಯ್ದೆವು. ಒಳಗೋಡೆಗೆ ಮಸಿ ಹಿಡಿದಿತ್ತು. ಒಂದು ಕಾಂಟ್ಯಾಕ್ಟಿನ ನಡುವೆ ಸಾಸಿವೆಗಿಂತ ಚಿಕ್ಕ ಗುಳಿ. ಎದುರಿನದರ ಮೇಲೆ ಅದೇ ಅಳತೆಯ ಮೊಳಕೆ. ಲೋಹ ಇಲ್ಲಿ ಕರಗಿ ಅಲ್ಲಿಗೆ ಹೋಗಿ ಕೂತಿತ್ತು. ಹುಡುಗ ಫೋನಿನ ಕ್ಯಾಮೆರಾಕ್ಕೆ ಲೆನ್ಸ್ ಹಿಡಿದು ಬಹಳ ಹೊತ್ತು ನೋಡಿದ.

ಹತ್ತು ಆಂಪಿಯರ್ ರಿಲೇ, ಮೂರು ಆಂಪಿಯರ್ ಪಂಪು. ಹೇಗೆ?

ಮೇಲೆ ಅಚ್ಚಾದ 10 ಆಂಪಿಯರ್ ಎಂಬುದು ಹೀಟರ್, ಬುರುಡೆ ದೀಪದ ಫಿಲಮೆಂಟ್ ಬಿಸಿಯಾದ ಮೇಲಿನ ಸ್ಥಿತಿ, ಇಂಥ ಸಾಧು ಲೋಡುಗಳ ಮಾತು. ಮೋಟಾರು ನಿಂತ ಸ್ಥಿತಿಯಿಂದ ಏಳುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದೆವು: ಓಡುವಾಗ 3.2, ಏಳುವ ಗಳಿಗೆಯಲ್ಲಿ 17. ಅದೂ ಯಾವ ಗಳಿಗೆ? ಕಾಂಟ್ಯಾಕ್ಟ್ ಮುಚ್ಚಿದಾಗ ಒಂದೇ ಏಟಿಗೆ ಕೂರುವುದಿಲ್ಲ, ಕಲ್ಲಿನ ಮೇಲೆ ಬಿದ್ದ ಗೋಲಿಯ ಹಾಗೆ ಕೆಲವು ಸಲ ಪುಟಿಯುತ್ತದೆ. ಪ್ರತಿ ಪುಟಿತಕ್ಕೂ ಕಿಡಿ, ಕಿಡಿಗೆ ಲೋಹ ಕರಗುವುದು, ಕರಗಿದ ಲೋಹದ ಮೇಲೆ ಮತ್ತೆ ಕಾಂಟ್ಯಾಕ್ಟ್ ಬಂದು ಕೂರುವುದು. ಬೆಸುಗೆಗೆ ಇನ್ನೇನು ಬೇಕು.

ಹಾಗಿದ್ದರೂ ಇಂಥ ರಿಲೇಗೆ ಪೂರ್ತಿ ಲೋಡಿನಲ್ಲಿ 1 ಲಕ್ಷ ಸಲದ ಆಯಸ್ಸು ಹೇಳುತ್ತಾರೆ. ಮೂರು ವಾರಕ್ಕೆ ಹೇಗೆ ಮುಗಿಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಗನ ಲ್ಯಾಪ್‌ಟಾಪಿನಲ್ಲಿತ್ತು. ಅವನ ಪ್ರೋಗ್ರಾಮಿನಲ್ಲಿ ಇದ್ದದ್ದು ಎರಡೇ ಸಾಲು: ತೇವ 70ಕ್ಕಿಂತ ಕಡಿಮೆಯಾದರೆ ಆನ್, ಇಲ್ಲದಿದ್ದರೆ ಆಫ್. ಡಿಹೆಚ್‌ಟಿ22 ಎರಡು ಸೆಕೆಂಡಿಗೊಮ್ಮೆ ಓದುತ್ತದೆ, ಅದರ ನಿಖರತೆಯೇ ಎರಡು ಅಂಶದಷ್ಟು ಅತ್ತಿತ್ತ. ತೇವ 70ರ ಹತ್ತಿರ ಬಂದಾಗ ಓದು 69.8, 70.1, 69.9 ಎಂದು ಕುಣಿಯುತ್ತಿತ್ತು; ಅದರ ಜತೆ ರಿಲೇ, ಅದರ ಜತೆ ಪಂಪು. ಲಾಗ್ ತೆರೆದು ಎಣಿಸಿದೆವು. ಆ ರಾತ್ರಿ 11ರಿಂದ 1ರ ನಡುವೆ 412 ಸಲ ಆನ್ ಆಗಿತ್ತು. ಒಂದೊಂದಕ್ಕೂ 17 ಆಂಪಿಯರ್.

"ರಾತ್ರಿಯೆಲ್ಲಾ ಟಕಟಕ ಅಂತಿತ್ತು, ಅದರ ವರಸೆಯೇ ಹಂಗೇನೋ ಅಂದ್ಕೊಂಡೆ" ಅಂದಳು ಅಕ್ಕ. ಹುಳು ಸೊಪ್ಪು ತಿನ್ನುವ ಮಳೆಹನಿಯಂಥ ಸದ್ದಿನಲ್ಲಿ ಏರುಪೇರಾದರೆ ತಟ್ಟನೆ ಏಳುವವಳು. ರಿಲೇ ಭಾಷೆ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬದಲಾಯಿಸಿದ್ದು

ಹುಡುಗನ ಮೊದಲ ಆಸೆ ಸಾಲಿಡ್ ಸ್ಟೇಟ್ ರಿಲೇ, ಅಂದರೆ ಅಲುಗುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್ಚು. ಕಾಂಟ್ಯಾಕ್ಟೇ ಇಲ್ಲ, ಅಂಟುವುದೇನು ಬಂತು ಎಂಬ ವಾದ. ಆದರೆ ಅದು ಕೆಟ್ಟರೆ ಬಹುಪಾಲು ಆನ್ ಆಗಿಯೇ ಕೆಡುತ್ತದೆ, ಬಿಸಿ ಬೇರೆ. ಬೇಡವೆಂದೆ. 30 ಆಂಪಿಯರಿನ ದೊಡ್ಡ ರಿಲೇ ಹಾಕಬಹುದಿತ್ತು, ತಪ್ಪಿಲ್ಲ. ಕೊನೆಗೆ ಮಳವಳ್ಳಿಯಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಮಾಡುವ ಅಂಗಡಿಗೆ ಹೋಗಿ ಮೋಟಾರ್ ಲೋಡಿಗೆಂದೇ, ಅಂದರೆ ಎಸಿ-3 ವರ್ಗದಲ್ಲಿ 9 ಆಂಪಿಯರ್ ಹೇಳುವ ಕಾಂಟ್ಯಾಕ್ಟರ್ (ಇದೂ ರಿಲೇಯಂಥದ್ದೇ, ಗಟ್ಟಿ ಜಾತಿಯದು) ತಂದೆವು, 230 ವೋಲ್ಟ್ ಕಾಯಿಲ್‌ನದು. ಕಬ್ಬು, ಭತ್ತ, ಹಿಪ್ಪುನೇರಳೆಗೆ ನೀರೆತ್ತುವ ಊರುಗಳಲ್ಲಿ ಈ ಸಾಮಾನು ಬೀಡಿಯಷ್ಟು ಸುಲಭವಾಗಿ ಸಿಗುತ್ತದೆ. ನಾಳೆ ಕೆಟ್ಟರೆ ಭಾವ ಎಲೆಕ್ಟ್ರಾನಿಕ್ ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕಿಲ್ಲ.

ಈಗ ನೀಲಿ ರಿಲೇ ನಡೆಸುವುದು ಕಾಂಟ್ಯಾಕ್ಟರಿನ ಕಾಯಿಲ್ ಮಾತ್ರ: ಎಳೆಯುವಾಗ 0.3 ಆಂಪಿಯರ್, ಹಿಡಿದುಕೊಂಡಿರುವಾಗ ಅದರ ಎಂಟನೇ ಒಂದು ಪಾಲು. ಕಾಂಟ್ಯಾಕ್ಟರಿನ ಕಾಯಿಲ್ಲೂ ಕಾಯಿಲ್ಲೇ, ಕಡಿದಾಗ ಅದೂ ಏಟು ಕೊಡುತ್ತದೆ. ಎಸಿ ಆದ್ದರಿಂದ ಅಲ್ಲಿ ಡಯೋಡು ನಡೆಯುವುದಿಲ್ಲ. 100 ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡಿನ 275 ವೋಲ್ಟ್ ಎಕ್ಸ್2 ಕೆಪಾಸಿಟರ್ ಸರಣಿಯಲ್ಲಿ ಕಟ್ಟಿ ಕಾಯಿಲ್‌ಗೆ ಅಡ್ಡ ಹಾಕಿದೆವು. ಮೊದಲಿನಿಂದಲೂ ಪಂಪು ಆಫ್ ಆಗುವಾಗ ಬೋರ್ಡು ಆಗಾಗ ರೀಸೆಟ್ ಆಗುತ್ತಿತ್ತು, ಅದೂ ಇದರಿಂದ ನಿಂತಿತು. ಸೆನ್ಸರ್ ವೈರನ್ನು ಪಂಪಿನ ವೈರಿನ ಪೈಪಿನಿಂದ ಬೇರೆ ಮಾಡಿದ್ದೂ ಕಾರಣವಿರಬೇಕು. ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಯಾವುದಕ್ಕೆ ಎಷ್ಟು ಪುಣ್ಯ ಎಂದು ಪಾಲು ಹಾಕಲಾರೆ.

ನೀಲಿ ರಿಲೇ ಕಾಯಿಲ್ಲಿನ ಡಯೋಡಿನ ಜತೆಗೆ ಸರಣಿಯಲ್ಲಿ, ಎದುರುಮುಖವಾಗಿ 12 ವೋಲ್ಟ್ ಜೆನರ್ (12 ವೋಲ್ಟ್ ದಾಟಿದರೆ ಹಿಮ್ಮುಖವಾಗಿಯೂ ಕರೆಂಟು ಬಿಡುವ ಡಯೋಡು) ಒಂದನ್ನೂ ಸೇರಿಸಿದೆ. ಬರೀ ಡಯೋಡಿದ್ದರೆ ಕಾಯಿಲ್ ಕರೆಂಟು ನಿಧಾನಕ್ಕೆ ಇಳಿದು ಕಾಂಟ್ಯಾಕ್ಟು ಸೋಮಾರಿಯಾಗಿ ತೆರೆಯುತ್ತದೆ. ಜೆನರ್ ಇದ್ದರೆ ಚುರುಕು. ಟ್ರಾನ್ಸಿಸ್ಟರಿನ ಮೇಲೆ ಬರುವುದು 18 ವೋಲ್ಟ್, 45ರ ಮುಂದೆ ಅದೇನಲ್ಲ. ನಮ್ಮ ರಿಲೇ ಅಂಟಿದ್ದು ಮುಚ್ಚುವಾಗಿನ ಕಿಡಿಯಿಂದ, ಹೀಗಾಗಿ ಈ ಜೆನರ್ ಇಲ್ಲದಿದ್ದರೂ ನಡೆಯುತ್ತಿತ್ತು. ಕೈ ಹೇಗೂ ಹಾಕಿದ್ದೆವಲ್ಲ.

ಪ್ರೋಗ್ರಾಮು: 66ಕ್ಕೆ ಇಳಿದರೆ ಆನ್, 73ಕ್ಕೆ ಏರಿದರೆ ಆಫ್. ಒಮ್ಮೆ ನಿಂತರೆ ಮೂರು ನಿಮಿಷ ಏಳಬಾರದು. ಎರಡು ನಿಮಿಷಕ್ಕಿಂತ ಹೆಚ್ಚು ಓಡಬಾರದು, ಸೆನ್ಸರ್ ಏನೇ ಹೇಳಲಿ. ಇಡೀ ರಿಪೇರಿಯಲ್ಲಿ ಪೈಸೆ ಖರ್ಚಿಲ್ಲದ್ದು ಇದು, ಹೆಚ್ಚು ಫಲ ಕೊಟ್ಟದ್ದೂ ಇದೇ.

ಇನ್ನು ಆ ಕಾಣದ ಆಚೆ ಬದಿ. ಪಂಪಿಗೆ ನಿಜವಾಗಿ ಕರೆಂಟು ಹೋಗುತ್ತಿದೆಯೇ ಎಂದು ಬೋರ್ಡಿಗೆ ತಿಳಿಯಬೇಕು. ಹುಡುಗನ ತಲೆಗೆ ಹೊಳೆದ ಉಪಾಯ ನನಗೆ ಹೊಳೆದಿರಲಿಲ್ಲ: ಬೀರುವಿನಲ್ಲಿ ಬಿದ್ದಿದ್ದ ಹಳೆಯ ಫೋನ್ ಚಾರ್ಜರನ್ನು ಕಾಂಟ್ಯಾಕ್ಟರಿನ ನಂತರ, ಪಂಪಿಗೆ ಸಮಾನಾಂತರವಾಗಿ ಜೋಡಿಸಿದ. ಪಂಪಿಗೆ 230 ಬಂದರೆ ಚಾರ್ಜರು 5 ವೋಲ್ಟ್ ಕೊಡುತ್ತದೆ. 10 ಮತ್ತು 18 ಕಿಲೋಓಮ್‌ನಲ್ಲಿ ಅದನ್ನು 3.2ಕ್ಕೆ ಇಳಿಸಿ ಇಎಸ್‌ಪಿಯ ಇನ್ನೊಂದು ಪಿನ್ನಿಗೆ ಕೊಟ್ಟ. ಮೊದಲ ಪ್ರಯೋಗದಲ್ಲಿ ಪಂಪು ನಿಂತು ಹದಿಮೂರು ಸೆಕೆಂಡಾದರೂ ಪಿನ್ನು ಇಳಿಯಲಿಲ್ಲ. ಚಾರ್ಜರಿನೊಳಗಿನ ಕೆಪಾಸಿಟರ್ ಬೇಗ ಖಾಲಿಯಾಗಲು ದಾರಿ ಇರಲಿಲ್ಲ. 220 ಓಮ್ ಒಂದನ್ನು ಅಡ್ಡ ಹಾಕಿದ ಮೇಲೆ ಕ್ಷಣದಲ್ಲಿ ಇಳಿಯಿತು. ಪಂಪಿನ ಏಟಿಗೆ ಚಾರ್ಜರ್ ಸಾಯದಿರಲೆಂದು ಹೆಚ್ಚಿನ ವೋಲ್ಟೇಜನ್ನು ನುಂಗುವ 275 ವೋಲ್ಟಿನ ಎಂಒವಿ. ಆಫ್ ಎಂದು ಹೇಳಿದ ಮೂರು ಸೆಕೆಂಡಿನ ಮೇಲೂ ಈ ಪಿನ್ನು ಆನ್ ಎನ್ನುತ್ತಿದ್ದರೆ ಬಜರ್ ಕೂಗಬೇಕು.

ಪರೀಕ್ಷೆಗೆ ಒಣಗಿದ ಹಿಪ್ಪುನೇರಳೆ ಕಡ್ಡಿಯೊಂದರಿಂದ ಕಾಂಟ್ಯಾಕ್ಟರಿನ ನೆತ್ತಿಯನ್ನು ಒತ್ತಿ ಹಿಡಿದೆ, ಕಾಂಟ್ಯಾಕ್ಟು ಅಂಟಿಕೊಂಡಿರುವ ಹಾಗೆ. ಎಲ್‌ಇಡಿ ಆರಿಯೇ ಇತ್ತು, ರಿಲೇ ಟಿಕ್ ಅನ್ನಲಿಲ್ಲ, ಪಂಪು ಓಡಿತು. ಒಂದು, ಎರಡು, ಮೂರು. ಬಜರು ಕಿರುಚಿಕೊಂಡಿತು. ಕೊಟ್ಟಿಗೆಯ ಹಸು ಎದ್ದು ನಿಂತಿತು.

ಇವೆಲ್ಲದರ ನಡುವೆ ನನಗೆ ನಾಚಿಕೆಯಾದ ಇನ್ನೊಂದು ಸಂಗತಿಯಿದೆ. ಮೊದಲ ಡಬ್ಬಿಯಲ್ಲಿ 230 ವೋಲ್ಟು ಜಿಪಿ ಬೋರ್ಡಿನ (ಬಿಡಿಭಾಗ ಬೆಸೆಯುವ ತೂತಿನ ಹಲಗೆ) ತೆಳ್ಳನೆ ತಾಮ್ರದ ಮೇಲೆ ಓಡುತ್ತಿತ್ತು, ಅದೂ ಮಂಜು ತುಂಬಿದ ಕೋಣೆಯಲ್ಲಿ. ಅಕ್ಕ ಒದ್ದೆ ಕೈಯಲ್ಲಿ ಕಿತ್ತ ಪ್ಲಗ್ಗು ಅದೇ. ಈಗ ಕಾಂಟ್ಯಾಕ್ಟರು ಹುಳು ಮನೆಯ ಹೊರಗೆ, ನೀರು ನುಗ್ಗದ ಪೆಟ್ಟಿಗೆಯಲ್ಲಿದೆ. ಮುಂದೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು. ಇದನ್ನು ಮೊದಲ ದಿನವೇ ಹೇಳದ ನಾನು ಬೇಸ್ ರೆಸಿಸ್ಟರಿನ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದ್ದೆ.

ಹೊರಡುವ ಹೊತ್ತಿಗೆ ಅಕ್ಕ ಪೆಟ್ಟಿಗೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಇದೂ ಅಂಟ್ಕಂಡ್ರೆ?"

"ಬಜರ್ ಹೊಡ್ಕತದೆ ಅಕ್ಕ."

"ಹೊಡ್ಕಂಡ್ರೆ ನೀರು ನಿಂತದಾ? ನಾನು ಏನು ಕೀಳ್ಬೇಕು ಹೇಳ್ಲಾ."

ಅವಳ ಪ್ರಶ್ನೆಗೆ ಸರ್ಕೀಟಿನಲ್ಲಿ ಉತ್ತರವಿರಲಿಲ್ಲ. ಬಾಗಿಲ ಪಕ್ಕ, ಅವಳ ಕೈಗೆಟುಕುವ ಎತ್ತರಕ್ಕೆ ಪಂಪಿಗೆಂದೇ ಬೇರೆ ಎಂಸಿಬಿ ಸ್ವಿಚ್ಚು ಹಾಕಿಸಿದೆವು. ಹುಡುಗ ಅದರ ಸುತ್ತ ಕೆಂಪು ಬಣ್ಣ ಬಳಿದು, ಮಾರ್ಕರಿನಲ್ಲಿ ಬರೆದ: "ಅವ್ವ, ಇದನ್ನ ಕೆಳಕ್ಕೆ ಎಳಿ."